ಸೇಬಿನ ಬೀಜ, ನಮ್ಮೂರ ದಾಳಿಂಬ್ರಿ

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ರಾತ್ರಿ ಊಟ ಮುಗಿಸಿ ಕಟ್ಟೆ ಮೇಲೆ ಕೂತಿದ್ದಾಗ ಅಪ್ಪ ಮೊಬೈಲ್ ಹಿಡಿದುಕೊಂಡು ಬಂದರು. ಅದರಲ್ಲಿ ಒಂದು ವಿಡಿಯೋ. ನಮ್ಮಂಥದೇ ಎರಿ ಹೊಲ, ನಮ್ಮಂಥದೇ ಬಿಸಿಲು, ಆದರೆ ಗಿಡದ ತುಂಬ ಸೇಬು!

"ಏ ತಮ್ಮಾ, ಇಲ್ಲಿ ನೋಡಿಲ್ಲಿ. ಇಂಥಾ ಬಿಸಲಾಗ ಸೇಬ ಬೆಳದಾರ. ನಾವೂ ಎರಡ ಎಕರೆ ಹಚ್ಚಿ ನೋಡೂಣೇನ?"

ನಾನು ಬಾಯಿ ತೆಗೆಯುವ ಮೊದಲೇ ಒಳಗಿನಿಂದ ಅವ್ವನ ಧ್ವನಿ ಬಂತು. "ದಾಳಿಂಬ್ರಿ ಹಚ್ಚಿದ್ದು ಮರತ್ರೇನು?"

ಅಪ್ಪ ಮಾತಾಡಲಿಲ್ಲ. ಮೊಬೈಲ್ ಜೇಬಿಗೆ ಹಾಕಿಕೊಂಡು ಎದ್ದು ಹೋದರು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ, ಅಪ್ಪನಿಗೆ ಸರಿಯಾದ ಉತ್ತರ ಕೊಡಬೇಕು ಅಂತ ಸೇಬಿನ ಬಗ್ಗೆ ಓದಲು ಶುರು ಮಾಡಿದೆ. ನಾನು ಓದಿದ್ದು ಇಂಜಿನಿಯರಿಂಗು, ಮಾಡುವುದು ಸಾಫ್ಟ್‌ವೇರ್ ಕೆಲಸ. ತೋಟಗಾರಿಕೆಯಲ್ಲಿ ನಾನು ಪಂಡಿತನೇನಲ್ಲ. ಆದರೆ ಸೇಬಿನ ಕಥೆ ಓದುತ್ತಾ ಹೋದ ಹಾಗೆ ನಮ್ಮ ದಾಳಿಂಬ್ರಿ ತೋಟ ಯಾಕೆ ಹಾಳಾಯಿತು ಅನ್ನುವುದು ಸ್ವಲ್ಪ ಸ್ವಲ್ಪವಾಗಿ ಅರ್ಥವಾಗತೊಡಗಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸೇಬಿನದು ಒಂದು ವಿಚಿತ್ರ ಸ್ವಭಾವ. ನೀವು ತಿಂದ ಸೇಬಿನ ಬೀಜವನ್ನು ನೆಟ್ಟರೆ ಅದೇ ರುಚಿಯ ಸೇಬು ಬರುವುದಿಲ್ಲ. ಸೇಬಿನ ಹೂವು ಸಾಮಾನ್ಯವಾಗಿ ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಬೇರೆ ತಳಿಯ ಗಿಡದಿಂದಲೇ ಪರಾಗ ಬರಬೇಕು. ಹಾಗಾಗಿ ಒಂದೊಂದು ಬೀಜವೂ ಒಂದೊಂದು ಹೊಸ ತಳಿ! ಐದು ಬೀಜ ಹಾಕಿದರೆ ಐದು ಥರದ ಗಿಡ. ಹೆಚ್ಚಿನವು ಹುಳಿ, ಸಣ್ಣ, ಬಾಯಿಗಿಡಲಾಗದಂಥವು. ಎಲ್ಲೋ ಸಾವಿರಕ್ಕೊಂದು ಸಿಹಿಯಾಗಿ ಬರುತ್ತದೆ. ಆ ಒಂದನ್ನು ಉಳಿಸಿಕೊಳ್ಳಲು ಇರುವ ದಾರಿ ಅದರ ಟೊಂಗೆ ಕತ್ತರಿಸಿ ಇನ್ನೊಂದು ಗಿಡದ ಬೇರಿಗೆ ಕಸಿ ಮಾಡುವುದು. ಅಂದರೆ ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಕಾಪಿ-ಪೇಸ್ಟ್.

ಸೇಬಿನ ತವರುಮನೆ ಮಧ್ಯ ಏಷ್ಯಾದ ತಿಯಾನ್ ಶಾನ್ ಬೆಟ್ಟಗಳು. ಈಗಿನ ಕಜಕಸ್ತಾನದ ಅಲ್ಮಾಟಿ ಸುತ್ತಮುತ್ತ ಕಾಡು ಸೇಬಿನ ಕಾಡುಗಳಿವೆ. ರಷ್ಯಾದ ವಿಜ್ಞಾನಿ ನಿಕೊಲಾಯ್ ವಾವಿಲೋವ್ 1929ರಲ್ಲಿ ಅಲ್ಲಿಗೆ ಹೋಗಿ ಅದನ್ನು ನೋಡಿ, ಇದೇ ಸೇಬಿನ ಮೂಲ ಅಂತ ಗುರುತಿಸಿದರು. 2010ರಲ್ಲಿ ಗೋಲ್ಡನ್ ಡೆಲಿಷಿಯಸ್ ತಳಿಯ ಜೀನೋಮ್ ಪೂರ್ತಿ ಓದಿದಾಗ ಅವರ ಮಾತಿಗೆ ಪುರಾವೆ ಸಿಕ್ಕಿತು. ಅಲ್ಲಿನ ಕಾಡಿನಲ್ಲಿ ಹಳದಿ, ಕೆಂಪು, ಹುಳಿ, ಸಿಹಿ, ಗೋಲಿಯಷ್ಟು ಸಣ್ಣದು, ಮುಷ್ಟಿಯಷ್ಟು ದೊಡ್ಡದು ಎಲ್ಲ ಥರದ ಸೇಬುಗಳೂ ಇವೆ.

ಆದರೆ ನಮ್ಮ ಅಂಗಡಿಗೆ ಬರುವುದು ಎಷ್ಟು ಥರ? ಕೆಂಪು ರೆಡ್ ಡೆಲಿಷಿಯಸ್ ಕಥೆಯನ್ನೇ ನೋಡಿ. ಅಮೆರಿಕದ ಅಯೋವಾ ರಾಜ್ಯದಲ್ಲಿ ಜೆಸ್ಸಿ ಹಯಾಟ್ ಎಂಬ ರೈತನ ತೋಟದಲ್ಲಿ, 1870ರ ಸುಮಾರಿಗೆ, ಸಾಲಿನ ಹೊರಗೆ ಒಂದು ಸಸಿ ತಾನೇ ಎದ್ದಿತಂತೆ. ಆತ ಎರಡು ಸಲ ಕಡಿದು ಹಾಕಿದರೂ ಅದು ಮತ್ತೆ ಚಿಗುರಿತಂತೆ. ಕೊನೆಗೆ "ಬದುಕಲೇಬೇಕು ಅಂತಿದ್ದರೆ ಬದುಕು" ಅಂತ ಬಿಟ್ಟುಬಿಟ್ಟ. ಮುಂದೆ ಸ್ಟಾರ್ಕ್ ಸೋದರರ ನರ್ಸರಿ ಅದನ್ನು ಕೊಂಡು ಜಗತ್ತಿಗೆಲ್ಲ ಹಂಚಿತು. 1916ರಲ್ಲಿ ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಅಮೆರಿಕನ್ ಅದರ ಸಸಿಗಳನ್ನು ಹಿಮಾಚಲದ ಕೋಟಗಢ ಕಡೆಗೆ ತಂದರು. ಇವತ್ತು ನಾವು ಕೊಳ್ಳುವ ರೆಡ್ ಡೆಲಿಷಿಯಸ್ ಎಲ್ಲವೂ ಆ ಎರಡು ಸಲ ಕಡಿಸಿಕೊಂಡ ಒಂದೇ ಗಿಡದ ಟೊಂಗೆಗಳು. ಮಕ್ಕಳೂ ಅಲ್ಲ, ಮೊಮ್ಮಕ್ಕಳೂ ಅಲ್ಲ, ಅದೇ ಗಿಡ!

ಹೊಸ ತಳಿಗಳು ಬರುತ್ತಿಲ್ಲವೇ ಅಂದರೆ ಬರುತ್ತಿವೆ. ಆದರೆ ತಳಿ ಮಾಡುವವರು ಮತ್ತೆ ಮತ್ತೆ ಗೋಲ್ಡನ್ ಡೆಲಿಷಿಯಸ್, ರೆಡ್ ಡೆಲಿಷಿಯಸ್, ಜೋನಾಥನ್, ಮೆಕಿಂಟಾಷ್, ಕಾಕ್ಸ್ ಆರೆಂಜ್ ಪಿಪ್ಪಿನ್ ಈ ಐದಾರು ತಳಿಗಳನ್ನೇ ಅಪ್ಪ-ಅವ್ವ ಮಾಡಿಕೊಂಡಿದ್ದಾರೆ. ಗಾಲಾ ತಳಿಗೂ, ಜೋನಾಗೋಲ್ಡ್ ತಳಿಗೂ ಗೋಲ್ಡನ್ ಡೆಲಿಷಿಯಸ್ ಹೆತ್ತವರಲ್ಲೊಂದು. ಫ್ಯೂಜಿಗೆ ರೆಡ್ ಡೆಲಿಷಿಯಸ್. ಅಂಗಡಿಯಲ್ಲಿ ಹೆಸರು ಹತ್ತು, ಆದರೆ ಎಲ್ಲ ಸೋದರಮಾವನ ಮಕ್ಕಳು.

ಇದರಿಂದ ತೊಂದರೆ ಏನು? ಸಾಫ್ಟ್‌ವೇರ್‌ನವರಿಗೆ ಬೇಗ ಅರ್ಥವಾಗುತ್ತದೆ. ಸಾವಿರ ಸರ್ವರ್‌ಗಳಲ್ಲಿ ಒಂದೇ ಸಾಫ್ಟ್‌ವೇರ್ ಹಾಕಿದ್ದರೆ ಒಂದು ವೈರಸ್ ಸಾಕು, ಎಲ್ಲವೂ ಒಂದೇ ರಾತ್ರಿ ಮಲಗುತ್ತವೆ. ಗಿಡಕ್ಕೂ ಅಷ್ಟೇ. 1973ರಲ್ಲಿ ಕಾಶ್ಮೀರದ ತೋಟಗಳಿಗೆ ಸ್ಕ್ಯಾಬ್ ಅನ್ನುವ ಶಿಲೀಂಧ್ರ ರೋಗ ಬಿತ್ತು. ಹಣ್ಣಿನ ಮೈಮೇಲೆಲ್ಲ ಕಪ್ಪು ಕಜ್ಜಿ. ಹತ್ತು ವರ್ಷಕ್ಕೆ, 1983ರಲ್ಲಿ, ಹಿಮಾಚಲದಲ್ಲೂ ಅದೇ ಕಥೆ. ಈ ರೋಗವನ್ನು ತಡೆಯುವ ಗುಣ ಸಿಕ್ಕಿದ್ದು ಎಲ್ಲಿ ಗೊತ್ತಾ? ಅಮೆರಿಕದ ವಿಜ್ಞಾನಿಗಳಿಗೆ ಅದು ಸಿಕ್ಕಿದ್ದು ಹೂವಿನ ಚೆಂದಕ್ಕೆ ಬೆಳೆಸುತ್ತಿದ್ದ ಜಪಾನ್ ಮೂಲದ ಒಂದು ಗಿಡದಲ್ಲಿ. ಅದರ ಕಾಯಿ ಬಾರೆಕಾಯಿಗಿಂತ ಸಣ್ಣದು, ತಿನ್ನಲು ಬಾರದ್ದು. ಅದರಿಂದ ದಶಕಗಟ್ಟಲೆ ದುಡಿದು ತಯಾರಾದ ಪ್ರೈಮಾ ಎಂಬ ತಳಿ 1970ರಲ್ಲಿ ಹೊರಬಂತು. ಯಾರಿಗೂ ಬೇಡವಾದ ಗಿಡದೊಳಗೆ ಎಲ್ಲರಿಗೂ ಬೇಕಾದ ಜೀನ್ ಇತ್ತು. ಮುಂದೆ ಕೆಲವು ಕಡೆ ಆ ಶಿಲೀಂಧ್ರವೂ ಬದಲಾಗಿ ಆ ಒಂದು ಜೀನನ್ನೂ ದಾಟಿತು ಅನ್ನುವುದು ಬೇರೆ ಮಾತು. ರೋಗಕ್ಕೂ ವಿಕಾಸ ಇದೆಯಲ್ಲ. ನಿಂತಲ್ಲೇ ನಿಂತಿರುವುದು ನಮ್ಮ ಕಸಿ ಗಿಡ ಮಾತ್ರ.

ಇಷ್ಟು ಓದುವಷ್ಟರಲ್ಲಿ ನನಗೆ ಸೇಬು ಮರೆತು ಹೋಗಿತ್ತು. ಕಣ್ಣ ಮುಂದೆ ಬಂದದ್ದು ನಮ್ಮ ತೋಟ.

ನಮ್ಮೂರು ಇಂಡಿ ತಾಲ್ಲೂಕಿನಲ್ಲಿ. ಅವ್ವನ ತವರು ಬಸವನ ಬಾಗೇವಾಡಿ ಕಡೆ, ಅಕ್ಕನನ್ನು ಕೊಟ್ಟಿರುವುದು ಸಿಂದಗಿಗೆ, ಸೋದರತ್ತೆ ಇರುವುದು ಮುದ್ದೇಬಿಹಾಳ ತಾಲ್ಲೂಕಿನಲ್ಲಿ. ರಜೆಗೆ ಹೋದರೆ ಈ ನಾಲ್ಕೂ ಕಡೆ ಒಂದು ಸುತ್ತು ಹೊಡೆಯದೆ ಬಿಡುವಂತಿಲ್ಲ. ಬರಗಾಲದ ಜಿಲ್ಲೆ ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ಆದರೆ ಈ ಸುತ್ತಿನಲ್ಲಿ ದ್ರಾಕ್ಷಿ, ದಾಳಿಂಬ್ರಿ, ಲಿಂಬಿ ಮೂರೂ ಸಿಗುತ್ತವೆ. ಈ ಹಣ್ಣುಗಳು ನಮ್ಮ ಸೀಮೆಗೆ ಹೊಸವೇನಲ್ಲ. 14ನೇ ಶತಮಾನದಲ್ಲಿ ದೌಲತಾಬಾದಿಗೆ ಬಂದಿದ್ದ ಇಬ್ನ್ ಬತೂತ, ಅಲ್ಲಿ ದ್ರಾಕ್ಷಿ ಮತ್ತು ದಾಳಿಂಬೆ ವರ್ಷಕ್ಕೆ ಎರಡು ಸಲ ಫಲ ಕೊಡುತ್ತವೆ ಅಂತ ಬರೆದಿಟ್ಟಿದ್ದಾನೆ. ಇವತ್ತಿಗೂ ನಮ್ಮ ದ್ರಾಕ್ಷಿಯವರು ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅಂತ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ. ಈಗ ಫಲ ತೆಗೆಯುವುದು ಒಂದೇ ಸಲ, ಅಷ್ಟೇ ವ್ಯತ್ಯಾಸ.

ಮೊದಲು ದ್ರಾಕ್ಷಿಯನ್ನೇ ನೋಡೋಣ. ನಮ್ಮ ಕಡೆ ಪಡಗಳಲ್ಲಿ ಹೆಚ್ಚಾಗಿ ಕಾಣುವುದು ಥಾಂಪ್ಸನ್ ಸೀಡ್‌ಲೆಸ್, ಇಲ್ಲವೇ ಅದರ ರೂಪಾಂತರಗಳು. ಇದು ಮೂಲದಲ್ಲಿ ಪಶ್ಚಿಮ ಏಷ್ಯಾದ ಹಳೆಯ ಸುಲ್ತಾನಾ ಅಥವಾ ಕಿಶ್ಮಿಶ್ ದ್ರಾಕ್ಷಿ. 1870ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಥಾಂಪ್ಸನ್ ಎಂಬಾತ ನ್ಯೂಯಾರ್ಕ್ ರಾಜ್ಯದ ನರ್ಸರಿಯಿಂದ ಇದರ ಮೂರು ಕಡ್ಡಿ ತರಿಸಿದನಂತೆ. ಎರಡು ಸತ್ತು ಒಂದು ಬದುಕಿತಂತೆ. ಅವನ ಹೆಸರೇ ದ್ರಾಕ್ಷಿಗೆ ನಿಂತಿತು. ಬೀಜವೇ ಇಲ್ಲದ ಹಣ್ಣು ಅಂದ ಮೇಲೆ ತೋಟದಲ್ಲಿ ಅದನ್ನು ಬೆಳೆಸುವುದು ಕಡ್ಡಿಯಿಂದಲೇ.

ಹಾಗಾದರೆ ತಾಸ್-ಎ-ಗಣೇಶ್, ಸೋನಾಕಾ, ಮಾಣಿಕ್ ಚಮನ್ ಇವೆಲ್ಲ ಏನು? ಬಾಗೇವಾಡಿಯ ಮಾವ ಇವನ್ನು ಬೇರೆ ಬೇರೆ ಜಾತಿ ಅಂತಲೇ ವಾದ ಮಾಡುತ್ತಾರೆ. ವಾಸ್ತವವಾಗಿ ಇವು ಮೂರೂ ಥಾಂಪ್ಸನ್ ಬಳ್ಳಿಯಲ್ಲೇ ಸಿಕ್ಕಿದವು. ತೋಟದಲ್ಲಿ ಒಂದು ಟೊಂಗೆಯ ಕಾಯಿ ಬೇರೆ ಥರ ಕಂಡಾಗ, ಕಣ್ಣಿದ್ದ ರೈತ ಅದನ್ನು ಗುರುತಿಸಿ ಬೇರೆ ಮಾಡಿಟ್ಟ. ಸೋನಾಕಾ ಹುಟ್ಟಿದ್ದು ಸೊಲ್ಲಾಪುರದ ಹತ್ತಿರದ ನಾನ್ನಜ್ ಎಂಬ ಹಳ್ಳಿಯಲ್ಲಿ. ಇಂಡಿಯಿಂದ ಅದೇನು ದೂರವಲ್ಲ. ತಾಸ್-ಎ-ಗಣೇಶ್ ಬಂದದ್ದು ಸಾಂಗಲಿ ಜಿಲ್ಲೆಯ ತಾಸಗಾಂವದಿಂದ. ಕೃಷಿ ವಿಜ್ಞಾನಿಗಳಿಗಿಂತ ಮೊದಲು ರೈತರೇ ಇವನ್ನು ಕಂಡುಹಿಡಿದರು ಅನ್ನುವುದು ಹೆಮ್ಮೆಯ ವಿಷಯವೇ. ಆದರೆ ಮೂಲ ಪ್ರೋಗ್ರಾಂ ಒಂದೇ, ಒಂದೆರಡು ಸಾಲು ಬದಲಾಗಿದೆ ಅಷ್ಟೆ. ಕಾಯಿ ಉದ್ದವಾಗಬಹುದು, ರೋಗ ತಡೆಯುವ ಶಕ್ತಿ ಹೆಚ್ಚೇನೂ ಬದಲಾಗುವುದಿಲ್ಲ. ಅದಕ್ಕೇ ಅಕಾಲದ ಮಳೆ ಬಂತೆಂದರೆ ಡೌನಿ ರೋಗ ಈ ಪಡ, ಆ ಪಡ ಅಂತ ಭೇದ ಮಾಡುವುದಿಲ್ಲ.

2011ರಲ್ಲಿ ಅಮೆರಿಕದ ಸರ್ಕಾರಿ ಸಂಗ್ರಹದ ಸಾವಿರಕ್ಕೂ ಹೆಚ್ಚು ದ್ರಾಕ್ಷಿ ಮಾದರಿಗಳ ಡಿಎನ್‌ಎ ಹೋಲಿಸಿ ನೋಡಿದರು. ಸುಮಾರು ಮುಕ್ಕಾಲು ಪಾಲು ತಳಿಗಳಿಗೆ ಆ ಸಂಗ್ರಹದಲ್ಲೇ ತಂದೆಯೋ, ತಾಯಿಯೋ, ಮಗನೋ, ಒಡಹುಟ್ಟೋ ಅನ್ನುವಷ್ಟು ಹತ್ತಿರದ ಇನ್ನೊಂದು ತಳಿ ಇತ್ತು. ಸಾವಿರಾರು ವರ್ಷಗಳಿಂದ ಬೆಳೆದ ಬೆಳೆ, ಆದರೆ ಮನುಷ್ಯ ಅದಕ್ಕೆ ಹೊಸ ಮದುವೆ ಮಾಡಿಸಿದ್ದು ಕಡಿಮೆ!

ಇನ್ನು ಲಿಂಬಿ. ಇಂಡಿ ಅಂದರೆ ಲಿಂಬಿ, ಲಿಂಬಿ ಅಂದರೆ ಇಂಡಿ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. 2023ರಲ್ಲಿ ಇಂಡಿ ಲಿಂಬೆಗೆ ಜಿಐ ಟ್ಯಾಗ್ ಕೂಡ ಬಂತು. ಸಿಂದಗಿಯ ನಮ್ಮ ಅಕ್ಕನ ಮಾವನವರು ಆವತ್ತು ಊರಿಗೆಲ್ಲ ಶರಬತ್ತು ಕುಡಿಸಿದರಂತೆ :-)

ಲಿಂಬಿ ಸಸಿಯನ್ನು ನಮ್ಮಲ್ಲಿ ಬೀಜದಿಂದಲೇ ಮಾಡುತ್ತಾರೆ. ಹಾಗಾದರೆ ಇಲ್ಲಿ ವೈವಿಧ್ಯ ಇರಬೇಕಲ್ಲ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಲಿಂಬಿ ನಮ್ಮನ್ನು ಮೋಸ ಮಾಡುತ್ತದೆ. ಕಾಗಜಿ ಲಿಂಬಿಯ ಒಂದು ಬೀಜದೊಳಗೆ ಹಲವು ಭ್ರೂಣಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಹೂವಿನ ಪರಾಗದಿಂದ ಆದವಲ್ಲ. ತಾಯಿ ಗಿಡದ ಅಂಗಾಂಶದಿಂದಲೇ ಮೊಳೆತವು. ಅಂದರೆ ಬೀಜ ಹಾಕಿದರೂ ಬಹುಪಾಲು ಬರುವುದು ತಾಯಿಯ ಪಡಿಯಚ್ಚೇ. ಸೇಬು ಮಾಡುವುದರ ತದ್ವಿರುದ್ಧ! ಈ ಲಿಂಬಿಯ ಹುಟ್ಟು ಕೂಡ ಹಾಗೇ. 2016ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದ ಪ್ರಕಾರ, ಫಿಲಿಪ್ಪೀನ್ಸ್ ಕಡೆಯ ಒಂದು ಕಾಡು ಜಾತಿ ತಾಯಿ, ನಮ್ಮ ಮಾದಳದ ಹಣ್ಣು ತಂದೆ. ಎಂದೋ ಒಮ್ಮೆ ನಡೆದ ಆ ಕೂಡಿಕೆಯಿಂದ ಹುಟ್ಟಿದ ಗಿಡದ ವಂಶವೇ ಈ ಕಾಗಜಿ ಲಿಂಬಿ. ಕಜ್ಜಿ ರೋಗ ಬಂದರೆ ಇಂಡಿ, ಸಿಂದಗಿಯ ತೋಟಗಳೆಲ್ಲ ಒಂದೇ ಥರ ನರಳುವುದಕ್ಕೆ ಇದೂ ಒಂದು ಕಾರಣ. ಜಿಐ ಟ್ಯಾಗ್ ನಮ್ಮ ಲಿಂಬಿಯ ಹೆಸರನ್ನು ಕಾಯುತ್ತದೆ. ಗಿಡವನ್ನು ಕಾಯುವ ಕೆಲಸ ನಮ್ಮದೇ.

ಈಗ ದಾಳಿಂಬ್ರಿ. ಇದನ್ನು ಕೊನೆಗೆ ಇಟ್ಟುಕೊಂಡೆ.

1936ರಲ್ಲಿ ಪುಣೆಯ ಗಣೇಶಖಿಂಡ್ ತೋಟದಲ್ಲಿ ಡಾ. ಜಿ. ಎಸ್. ಚೀಮಾ ಎಂಬ ತೋಟಗಾರಿಕಾ ವಿಜ್ಞಾನಿ ಆಳಂದಿ ದಾಳಿಂಬೆಯ ಬೀಜದಿಂದ ಸಸಿ ಎಬ್ಬಿಸಿದ್ದರು. ಆಗ ನಮ್ಮ ಜಿಲ್ಲೆಯೂ ಪುಣೆಯೂ ಒಂದೇ ಮುಂಬೈ ಪ್ರಾಂತದಲ್ಲಿದ್ದವು. ಆ ಸಸಿಗಳಲ್ಲಿ ಒಂದು, ಮೆತ್ತನೆ ಬೀಜದ ಸಿಹಿ ಹಣ್ಣು ಕೊಟ್ಟಿತು. ಅದಕ್ಕೆ ಮೊದಲು ಜಿಬಿಜಿ-1 ಅಂತ ಹೆಸರಿಟ್ಟರು. 1970ರಲ್ಲಿ ಅದು 'ಗಣೇಶ್' ಆಯಿತು. ಮುಂದೆ ರಾಹುರಿ ಕೃಷಿ ವಿಶ್ವವಿದ್ಯಾಲಯದವರು ಗಣೇಶ್ ಜೊತೆ ರಷ್ಯಾ ಕಡೆಯ ಕಡುಗೆಂಪಿನ ಗುಲ್-ಎ-ಶಾ ತಳಿಯನ್ನು ಕೂಡಿಸಿ, ಅದರ ಎರಡನೇ ಪೀಳಿಗೆಯಿಂದ ಆರಿಸಿದ್ದೇ 'ಭಗವಾ'. 2003-04ರಲ್ಲಿ ಬಿಡುಗಡೆಯಾಯಿತು. ನಮ್ಮ ಕಡೆ ಅದನ್ನೇ ಕೇಸರ್ ಅಂತಲೂ ಕರೆಯುತ್ತಾರೆ. ಹೊರಗೆ ಕೆಂಪು, ಒಳಗೆ ಕೆಂಪು, ದಪ್ಪ ಸಿಪ್ಪೆ, ದುಬೈಗೆ ಹೋದರೂ ಕೆಡುವುದಿಲ್ಲ. ವ್ಯಾಪಾರಿಗೆ ಇನ್ನೇನು ಬೇಕು? ಗೂಟಿ ಕಟ್ಟಿ ಲಕ್ಷ ಲಕ್ಷ ಸಸಿ ಮಾಡಿದರು. ಗೂಟಿ ಅಂದರೂ ಅಷ್ಟೇ, ಅದೇ ಗಿಡದ ಟೊಂಗೆ.

ಅಪ್ಪ 2005ರಲ್ಲಿ ನಾಲ್ಕು ಎಕರೆ ಹಚ್ಚಿದರು. ಸೊಸೈಟಿ ಸಾಲ, ಅವ್ವನ ಬಂಗಾರ, ಬೋರ್‌ವೆಲ್, ಡ್ರಿಪ್ ಎಲ್ಲ ಸೇರಿ ಅದೊಂದು ದೊಡ್ಡ ಜೂಜು. ಮೊದಲ ಕಾಯಿ ನೋಡಲು ಮುದ್ದೇಬಿಹಾಳದಿಂದ ಅತ್ತೆ, ಮಾವ ಬಂದಿದ್ದರು. ನಾನಾಗ ಐದನೇ ಕ್ಲಾಸು. ಮಳೆಗಾಲ ಕಳೆಯುವ ಹೊತ್ತಿಗೆ ಎಲೆಯ ಮೇಲೆ ಎಣ್ಣೆ ಸಿಡಿದಂಥ ಸಣ್ಣ ಚುಕ್ಕಿ ಬಂತು. ಮಹಾರಾಷ್ಟ್ರದವರು ಇದಕ್ಕೆ 'ತೇಲ್ಯಾ' ಅನ್ನುವುದು ಅದಕ್ಕೇ. ನಮ್ಮ ಅಧಿಕಾರಿಗಳ ಭಾಷೆಯಲ್ಲಿ ದುಂಡಾಣು ಅಂಗಮಾರಿ ರೋಗ. ಹದಿನೈದು ದಿನದಲ್ಲಿ ಕಾಯಿಗಳು ಕರ್ರಗಾಗಿ ನಕ್ಷತ್ರದ ಆಕಾರದಲ್ಲಿ ಸೀಳತೊಡಗಿದವು. ಅಪ್ಪ ಯಾರು ಏನು ಹೇಳಿದರೂ ಅದನ್ನು ತಂದು ಹೊಡೆದರು. ಒಂದು ಸಾಲಿಗೂ ಇನ್ನೊಂದು ಸಾಲಿಗೂ ವ್ಯತ್ಯಾಸವೇ ಇರಲಿಲ್ಲ, ಎಲ್ಲವೂ ಒಂದೇ ಗಿಡವಲ್ಲವೇ! ಮರು ವರ್ಷವೂ ಅದೇ ಆಯಿತು. ಕೊನೆಗೆ ಜೆಸಿಬಿ ತರಿಸಿ ನಾಲ್ಕೂ ಎಕರೆ ಕಿತ್ತು, ರಾಶಿ ಹಾಕಿ ಬೆಂಕಿ ಇಟ್ಟರು. ಅಪ್ಪ ಅವತ್ತು ಊಟ ಮಾಡಲಿಲ್ಲ. ಅವ್ವನ ಬಂಗಾರ ಇವತ್ತಿಗೂ ಪೂರ್ತಿ ವಾಪಸ್ ಬಂದಿಲ್ಲ.

ಈ ರೋಗ ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದು 1952ರಲ್ಲಿ, ದೆಹಲಿಯಲ್ಲಿ. ಐವತ್ತು ವರ್ಷ ಅದು ಅಂಥ ಸುದ್ದಿಯನ್ನೇನೂ ಮಾಡಲಿಲ್ಲ. ಮಹಾರಾಷ್ಟ್ರ, ಉತ್ತರ ಕರ್ನಾಟಕದಲ್ಲಿ ಒಂದೇ ಥರದ ದಾಳಿಂಬೆ ಮೈಲುಗಟ್ಟಲೆ ಹಬ್ಬಿದ ಮೇಲೆ, 2000ದ ದಶಕದಲ್ಲಿ, ಅದು ಬೆಂಕಿಯಂತೆ ಹರಡಿತು. ಒಂದೇ ತಳಿ ಇದ್ದದ್ದೇ ಏಕೈಕ ಕಾರಣ ಅಂತ ನಾನು ಹೇಳುತ್ತಿಲ್ಲ. ರೋಗ ಇದ್ದ ಗಿಡದಿಂದಲೇ ಗೂಟಿ ಕಟ್ಟಿದ್ದು, ಮಳೆಗಾಲದ ಬೆಳೆ ಹಿಡಿದದ್ದು, ಕತ್ತರಿಯನ್ನು ತೊಳೆಯದೆ ಗಿಡದಿಂದ ಗಿಡಕ್ಕೆ ಒಯ್ದದ್ದು ಎಲ್ಲವೂ ಸೇರಿವೆ. ಆದರೆ ತೋಟದಲ್ಲಿ ತಡೆದು ನಿಲ್ಲುವ ಗಿಡ ಒಂದೂ ಇರಲಿಲ್ಲ ಅನ್ನುವುದು ಮಾತ್ರ ನಿಜ. 2005ರಲ್ಲಿ ಸೊಲ್ಲಾಪುರದಲ್ಲಿ ದಾಳಿಂಬೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಶುರುವಾಯಿತು. ರೋಗ ತಡೆಯುವ ಗುಣಕ್ಕಾಗಿ ವಿಜ್ಞಾನಿಗಳು ಹಿಮಾಲಯದ ತಪ್ಪಲಿನ 'ದಾರು' ಎಂಬ ಕಾಡು ದಾಳಿಂಬೆಯ ಕಡೆಗೂ ನೋಡಿದರು. ಅದು ಬಾಯಿಗಿಟ್ಟರೆ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಜಪಾನಿನ ಆ ಸಣ್ಣ ಸೇಬಿನ ಕಥೆಯೇ ಇಲ್ಲೂ.

ನಮ್ಮ ಹಿತ್ತಲಲ್ಲಿ ಅಜ್ಜಿ ಕಾಲದ ಒಂದು ದಾಳಿಂಬ್ರಿ ಗಿಡ ಇತ್ತು. ಯಾರೋ ತಿಂದು ಉಗುಳಿದ ಬೀಜದಿಂದ ಎದ್ದದ್ದು. ಗಟ್ಟಿ ಬೀಜ, ಬಿಳಿ ಕಾಳು, ಹುಳಿ. ಹೊಟ್ಟೆ ಕೆಟ್ಟಾಗ ಅದರ ಸಿಪ್ಪೆಯ ಕಷಾಯ ಬಿಟ್ಟರೆ ಬೇರೆ ಉಪಯೋಗವಿರಲಿಲ್ಲ. ತೋಟ ಸುಟ್ಟ ವರ್ಷ ಅದರ ಮೇಲೂ ಚುಕ್ಕಿ ಬಿದ್ದಿತ್ತು, ಆದರೆ ಸಾಯಲಿಲ್ಲ. ಮುಂದೆ ಮನೆ ಕಟ್ಟಿಸುವಾಗ ಬಾತ್‌ರೂಮಿಗೆ ಜಾಗ ಬೇಕೆಂದು ಅದನ್ನು ಕಡಿಸಿದೆವು. ಕಡಿಸಿರಿ ಅಂತ ಹೇಳಿದವನು ನಾನೇ. ಆ ಗಿಡದಲ್ಲಿ ಏನಾದರೂ ಇತ್ತೋ, ಇಲ್ಲವೋ, ಈಗ ಯಾರೂ ಹೇಳಲಾರರು. ಅದೇ ನನಗೆ ಚುಚ್ಚುವುದು. ಹಯಾಟ್‌ನ ಗಿಡವಾದರೂ ಮತ್ತೆ ಚಿಗುರಿತು, ನಾವು ಅದರ ಮೇಲೆ ಕಾಂಕ್ರೀಟ್ ಹಾಕಿದೆವು.

ಇಷ್ಟೆಲ್ಲ ಆದ ಮೇಲೆ ರೈತರೆಲ್ಲ ಹಳೇ ತಳಿ ಬೆಳೆಯಬೇಕು ಅಂತ ಬುದ್ಧಿ ಹೇಳಲು ನನಗೆ ಮನಸ್ಸಿಲ್ಲ. ಮಾರ್ಕೆಟ್‌ನಲ್ಲಿ ವ್ಯಾಪಾರಿ ಬಿಳಿ ಕಾಳಿನ ಹುಳಿ ಹಣ್ಣನ್ನು ಕೈಯಲ್ಲೂ ಮುಟ್ಟುವುದಿಲ್ಲ. ವೈವಿಧ್ಯವನ್ನು ಉಳಿಸುವ ಖರ್ಚು ಸಾಲದಲ್ಲಿರುವ ರೈತನ ತಲೆ ಮೇಲೆ ಬೀಳಬಾರದು. ಅದು ಸರ್ಕಾರದ, ವಿಶ್ವವಿದ್ಯಾಲಯಗಳ ಕೆಲಸ. ಆದರೆ ಹಿತ್ತಲಿನ ಒಂದು ಮೂಲೆ, ಬದುವಿನ ಮೇಲೆ ಎರಡು ಗಿಡ, ಇಷ್ಟಕ್ಕೆ ಯಾವ ಖರ್ಚೂ ಇಲ್ಲ. ಗಣೇಶ್ ಬಂದದ್ದು ಬೀಜದ ಸಸಿಯಿಂದ, ರೆಡ್ ಡೆಲಿಷಿಯಸ್ ಬಂದದ್ದು ಸಾಲು ತಪ್ಪಿ ಎದ್ದ ಸಸಿಯಿಂದ. ಹೊಸದೆಲ್ಲ ಹುಟ್ಟಿದ್ದು ಯಾರೋ ಕಡಿಯದೆ ಬಿಟ್ಟದ್ದರಿಂದ.

ಅಪ್ಪ ತೋರಿಸಿದ ಬಿಸಿಲು ಸೇಬಿನ ಕಥೆಯೂ ಅದೇ. ಬಯಲು ಸೀಮೆಯಲ್ಲಿ ಈಗ ಹೆಸರಾಗಿರುವ ಎಚ್‌ಆರ್‌ಎಂಎನ್-99 ತಳಿ ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಅವರ ಹಿತ್ತಲಲ್ಲಿ ಬೀಜದಿಂದ ಎದ್ದದ್ದು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಹೋದ ವಾರ ಅಪ್ಪನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಎರಡು ಎಕರೆ ಸೇಬು ಬೇಡ, ಹತ್ತು ಗಿಡ ಹಚ್ಚಿ ನೋಡೋಣ, ಅದೂ ಎರಡು ಮೂರು ತಳಿ ಕೂಡಿಸಿ, ಯಾಕೆಂದರೆ ಸೇಬಿಗೆ ಒಂಟಿಯಾಗಿ ಫಲ ಹಿಡಿಯಲು ಬರುವುದಿಲ್ಲ ಅಂದೆ. ಅಪ್ಪ ಎಲ್ಲ ಕೇಳಿಸಿಕೊಂಡು ಕೊನೆಗೆ ಇಷ್ಟೇ ಹೇಳಿದರು.

"ಆತು ಬಿಡೋ. ಮುದ್ದೇಬಿಹಾಳದಾಗ ನಿಮ್ಮತ್ತಿ ಮನ್ಯಾಗ ಅಜ್ಜೀ ಗಿಡದ ಬೀಜದ್ದ ಒಂದ ಸಸಿ ಐತಂತ. ಈ ಸಲ ಬರಾಗ ತಗೊಂಡ ಬಾ."

ಯುಗಾದಿಗೆ ಹೋಗುತ್ತಿದ್ದೇನೆ. ಮುದ್ದೇಬಿಹಾಳದ ಮೇಲೆಯೇ ಹೋಗುತ್ತೇನೆ. ನಿಮ್ಮ ಹಿತ್ತಲಲ್ಲೂ ಇಂಥದೊಂದು ಕೆಲಸಕ್ಕೆ ಬಾರದ ಗಿಡ ಇದ್ದರೆ, ಕಡಿಸುವ ಮೊದಲು ಅದರ ನಾಲ್ಕು ಬೀಜವನ್ನಾದರೂ ಯಾರಿಗಾದರೂ ಕೊಟ್ಟಿರಿ.